ಸುಡದ ಕಿಡಿಯ ಶುದ್ಧಿ

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿ ಬಾಯಿ ತೆರೆಯುವ ಮುಂಚೆ ಒಂದು ಸದ್ದು ಕೇಳಿಸಬೇಕು. ಒಂದು ಬದಿ ಕಾಗದ, ಇನ್ನೊಂದು ಬದಿ ತಿಳಿ ಪ್ಲಾಸ್ಟಿಕ್ ಇರುವ ಚಿಕ್ಕ ಪೌಚಿನ ತುದಿಯನ್ನು ಸಹಾಯಕಿ ಎರಡು ಕೈಯಲ್ಲಿ ಹಿಡಿದು ಬಿಡಿಸುವಾಗ ಬರುವ ‘ಚರ್’ ಎಂಬ ಸದ್ದು. ಮೈಸೂರಿನ ಸರಸ್ವತಿಪುರಂನ ಕ್ಲಿನಿಕ್ಕೊಂದರಲ್ಲಿ ರೂಟ್ ಕೆನಾಲ್ ಮಾಡಿಸಿಕೊಳ್ಳಲು ನಾನು ಮೂರು ಸಲ ಹೋಗಿಬಂದೆ. ಮೂರು ಸಲವೂ ಆ ಸದ್ದು ಕೇಳಿದೆ. ಕೊನೆಯ ದಿನ ಕುತೂಹಲ ತಡೆಯಲಾರದೆ, “ಇದನ್ನೆಲ್ಲ ಹೇಗೆ ಶುದ್ಧ ಮಾಡ್ತೀರಮ್ಮ?” ಎಂದು ಕೇಳಿದೆ. ವರ್ಷಗಟ್ಟಲೆ ಅದೇ ಕೆಲಸ ಮಾಡುತ್ತಿರುವ ಆಕೆ ಹಿಂದಿನ ಕೋಣೆಯ ಬಾಗಿಲು ತೆರೆದು ತೋರಿಸಿದರು. “ಮೆಷಿನ್ನು ಆಮೇಲೆ ಸಾರ್. ತೊಳೆಯೋದೇ ಮುಕ್ಕಾಲು ಕೆಲಸ” ಎಂದರು.

ದಂತವೈದ್ಯದಲ್ಲಿ ಈಗ ‘ಪ್ಲಾಸ್ಮಾ’ ಎಂಬ ಹೆಸರು ಆಗಾಗ ಕೇಳಿಬರುತ್ತಿದೆ. ಅನಿಲವನ್ನು ವಿದ್ಯುತ್ತಿನಿಂದ ಕೆರಳಿಸಿ, ಆ ಹೊಳಪಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ವಿದ್ಯೆ ಅದು. ಅದರ ಸೊಗಸು ನನ್ನನ್ನು ಬಹಳ ದಿನದಿಂದ ಸೆಳೆದಿದೆ. ಆದರೆ ಅದನ್ನು ಸರಿಯಾಗಿ ಅರಿಯಬೇಕಾದರೆ ಆ ಹಿಂದಿನ ಕೋಣೆಯ ಸಿಂಕಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಬಾಯಿಂದ ಹೊರಬಂದ ಉಪಕರಣದ ಮೇಲೆ ಎಂಜಲು, ರಕ್ತ, ಹಲ್ಲಿನ ಪುಡಿ ಇರುತ್ತವೆ. ಇವನ್ನು ಒಣಗಲು ಬಿಡಬಾರದು ಎನ್ನುವುದು ಮೊದಲ ಪಾಠ. ತೊಳೆಯದೆ ಬಿಟ್ಟ ಹಿಟ್ಟಿನ ಪಾತ್ರೆ ಮಧ್ಯಾಹ್ನಕ್ಕೆ ಏನಾಗುತ್ತದೆಂದು ಮನೆಯಲ್ಲಿ ಪಾತ್ರೆ ತಿಕ್ಕಿದವರಿಗೆ ಗೊತ್ತು. ಹಾಗಾಗಿ ಚಿಕಿತ್ಸೆ ಮುಗಿದೊಡನೆ ಅವನ್ನು ಕಿಣ್ವ ಬೆರೆಸಿದ ನೀರಿಗೆ ಹಾಕುತ್ತಾರೆ. ಮೊಣಕೈವರೆಗೆ ದಪ್ಪ ರಬ್ಬರ್ ಗ್ಲೌಸು ತೊಟ್ಟು ತೆಗೆದು, ಅಲ್ಟ್ರಾಸಾನಿಕ್ ತೊಟ್ಟಿಗೆ ಇಳಿಸುತ್ತಾರೆ. ನಮ್ಮ ಕಿವಿಗೆ ನಿಲುಕದ ಸದ್ದು ಆ ನೀರಿನಲ್ಲಿ ಅಸಂಖ್ಯ ಸಣ್ಣ ಗುಳ್ಳೆಗಳನ್ನು ಎಬ್ಬಿಸಿ ಒಡೆಯುತ್ತದೆ. ಬ್ರಷ್ಷು ಹೋಗಲಾರದ ಇಕ್ಕಳದ ಕೀಲಿನೊಳಗೆ, ರೂಟ್ ಕೆನಾಲ್ ಫೈಲಿನ ತಿರುಪಿನ ಸಂದಿಯಲ್ಲಿ, ಆ ಗುಳ್ಳೆ ಒಡೆಯುವ ಹೊಡೆತವೇ ಕೊಳೆ ಕೀಳುತ್ತದೆ. ತೊಟ್ಟಿ ನೆಟ್ಟಗೆ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಒಂದು ಸರಳ ಉಪಾಯವಿದೆ: ಚಪಾತಿ ಸುತ್ತುವ ಅಲ್ಯುಮಿನಿಯಂ ಹಾಳೆಯ ತುಂಡನ್ನು ಇಳಿಬಿಟ್ಟು ತೆಗೆದರೆ ಅದರ ಮೈತುಂಬ ಸಮನಾಗಿ ಚುಚ್ಚಿದ ಗುರುತು ಬಿದ್ದಿರಬೇಕು. ಎಲ್ಲಾದರೂ ನುಣುಪು ಉಳಿದಿದ್ದರೆ ತೊಟ್ಟಿಯ ಆ ಮೂಲೆ ಸತ್ತಿದೆ ಎಂದೇ ಅರ್ಥ. ನನಗಂತೂ ಈ ಪರೀಕ್ಷೆ ಯಾವ ದುಬಾರಿ ಮೀಟರಿಗಿಂತಲೂ ಚಂದ ಕಂಡಿತು.

ಆಮೇಲೆ ಜಾಲಿಸುವುದು, ಒರೆಸಿ ಒಣಗಿಸುವುದು, ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡುವುದು, ಪೌಚಿಗೆ ಹಾಕಿ ಅಂಟಿಸಿ ತಾರೀಖು ಬರೆಯುವುದು. ಆಟೊಕ್ಲೇವ್ ಎಂಬ ಒತ್ತಡದ ಹಬೆಯ ಪೆಟ್ಟಿಗೆಯೊಳಗೆ ಪೌಚುಗಳನ್ನು ಒಂದರ ಮೇಲೊಂದು ಪೇರಿಸುವುದಿಲ್ಲ. ಸ್ಟ್ಯಾಂಡಿನಲ್ಲಿ ತಟ್ಟೆ ನಿಲ್ಲಿಸಿದ ಹಾಗೆ ಅಂಚಿನ ಮೇಲೆ ನಿಲ್ಲಿಸುತ್ತಾರೆ, ಹಬೆ ಎಲ್ಲ ಕಡೆಯಿಂದ ತಾಕಬೇಕಲ್ಲ.

ಇಷ್ಟೆಲ್ಲ ಯಾಕೆ, ಕುದಿಯುವ ನೀರಿಗೆ ಹಾಕಿದರೆ ಸಾಲದೆ? ಸಾಲದು. ಅದರಲ್ಲೂ ಮೈಸೂರಿನಲ್ಲಿ ಸಾಲದು. ಈ ಊರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ನೂರು ಡಿಗ್ರಿ ಮುಟ್ಟುವುದೇ ಇಲ್ಲ, 97 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಸಾಮಾನ್ಯ ಬ್ಯಾಕ್ಟೀರಿಯಾ ಆ ಬಿಸಿಗೆ ಸಾಯುತ್ತವೆ, ನಿಜ. ಆದರೆ ಕೆಲವು ಬ್ಯಾಕ್ಟೀರಿಯಾ ಕಷ್ಟಕಾಲ ಬಂದಾಗ ‘ಬೀಜಕ’ಗಳಾಗುತ್ತವೆ. ಒಳಗಿನ ನೀರನ್ನು ಬಹುಪಾಲು ಕಳೆದುಕೊಂಡು, ಸುಣ್ಣದಂಶ ಸೇರಿದ ರಾಸಾಯನಿಕದಿಂದ ತಿರುಳನ್ನು ಬಿಗಿದುಕೊಂಡು, ಪದರ ಪದರ ಕವಚ ಹೊದ್ದು ಮಲಗಿಬಿಡುತ್ತವೆ. ಗಂಟೆಗಟ್ಟಲೆ ಕುದಿಸಿದರೂ ಬದುಕಿ ಉಳಿಯುವ ಬೀಜಕಗಳಿವೆ. ಇವನ್ನು ಕೊಲ್ಲಲೆಂದೇ ಪಾಶ್ಚರನ ಜೊತೆಗಾರ ಚಾರ್ಲ್ಸ್ ಚೇಂಬರ್ಲ್ಯಾಂಡ್ 1879ರಲ್ಲಿ ಆಟೊಕ್ಲೇವ್ ರೂಪಿಸಿದ್ದು. ಒತ್ತಡ ಕಟ್ಟಿದ ಹಬೆ 121 ಡಿಗ್ರಿಗೆ ಏರಿ ಹದಿನೈದು ನಿಮಿಷ ನಿಂತರೆ, ಇಲ್ಲವೇ 134 ಡಿಗ್ರಿಯಲ್ಲಿ ಮೂರು ನಾಲ್ಕು ನಿಮಿಷ ನಿಂತರೆ, ಬೀಜಕವೂ ಉಳಿಯದು. ಎತ್ತರದ ಊರಿನಲ್ಲಿ ಒತ್ತಡದ ಮುಳ್ಳನ್ನಷ್ಟೇ ನೋಡಿ ನೆಚ್ಚಬಾರದು, ತಾಪಮಾನವನ್ನೇ ನೋಡಬೇಕು ಎಂಬ ಎಚ್ಚರಿಕೆಯೂ ಇದೇ ಲೆಕ್ಕದಿಂದ ಹುಟ್ಟಿದೆ.

ಬೀಜಕದ ಜೊತೆಗಿನ ಈ ಜಗಳ ಮೈಸೂರಿಗೆ ಹೊಸದಲ್ಲ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, 1961ರಲ್ಲಿ ಬಂದ ರಕ್ಷಣಾ ಆಹಾರ ಸಂಶೋಧನಾಲಯ, ಎರಡಕ್ಕೂ ಆಹಾರ ಕೆಡದ ಹಾಗೆ ಕಾಪಾಡುವುದೇ ಕಸುಬು. ಗಡಿಯಲ್ಲಿರುವ ಸೈನಿಕ ಪೌಚ್ ಕತ್ತರಿಸಿ ಬಿಸಿ ಮಾಡಿ ತಿನ್ನುವ ಪಲಾವಿನ ಹಿಂದಿರುವುದೂ ಒತ್ತಡದ ಹಬೆಯ ಅದೇ ವಿದ್ಯೆ. ಇನ್ನೂ ಒಂದು ನಂಟಿದೆ. ಆಟೊಕ್ಲೇವ್ ನಿಜವಾಗಿ ಕೊಂದಿತೇ ಎಂದು ಪರೀಕ್ಷಿಸಲು ಇಡುವ ಸೂಕ್ಷ್ಮಜೀವಿಯ ಹೆಸರು ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್. ಡಬ್ಬಿಯ ಆಹಾರವನ್ನು ಹುಳಿ ಬರಿಸುವ ಹಳೆಯ ಕಳ್ಳ ಅದು. ಅದರ ಬೀಜಕಗಳಿರುವ ಪುಟ್ಟ ಸೀಸೆಯನ್ನು ಉಪಕರಣಗಳ ನಡುವೆ ಇಟ್ಟು ಬೇಯಿಸಿ, ಆಮೇಲೆ ಅದಕ್ಕೆ ಪ್ರಿಯವಾದ 55ರಿಂದ 60 ಡಿಗ್ರಿ ಬೆಚ್ಚಗಿನಲ್ಲಿ ಇಡುತ್ತಾರೆ. ಒಂದೇ ಒಂದು ಬದುಕಿದ್ದರೂ ಬೆಳೆದು, ಆಮ್ಲ ಬಿಟ್ಟು, ಸೀಸೆಯ ನೇರಳೆ ದ್ರವವನ್ನು ಹಳದಿ ಮಾಡುತ್ತದೆ. ನೇರಳೆಯಾಗೇ ಉಳಿದರೆ ಆ ವಾರದ ಕೆಲಸ ಗೆದ್ದ ಹಾಗೆ.

ಹಬೆಗೆ ಸಮನಾದುದು ಇಲ್ಲ. ಅಗ್ಗ, ವೇಗ, ವಿಷವಿಲ್ಲ. ಆದರೆ ಹಬೆಯನ್ನು ತಾಳದ ವಸ್ತುಗಳಿವೆ. ಹಲ್ಲು ಕೊರೆಯುವ ಕಾರ್ಬನ್ ಉಕ್ಕಿನ ಬರ್‌ಗಳು ತುಕ್ಕು ಹಿಡಿದು ಮೊಂಡಾಗುತ್ತವೆ. ಕೆಲವು ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ. ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಕ್ಯಾಮೆರಾ, ಬೆಳಕು ಒಯ್ಯುವ ನಾರಿನ ಕೇಬಲ್, ಬ್ಯಾಟರಿಯ ಉಪಕರಣ, ಇವುಗಳಲ್ಲಿ ಎಷ್ಟೋ 134 ಡಿಗ್ರಿಯ ಒದ್ದೆ ಬಿಸಿಗೆ ಹಾಳಾಗುತ್ತವೆ. ಇಂಥವಕ್ಕೆ ಬಹುಕಾಲ ಎಥಿಲೀನ್ ಆಕ್ಸೈಡ್ ಅನಿಲವೇ ಗತಿಯಾಗಿತ್ತು. ಅದು ಚೆನ್ನಾಗಿ ಕೊಲ್ಲುತ್ತದೆ. ಕೊಲ್ಲುವುದಷ್ಟೇ ಅಲ್ಲ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೂ ಇದೆ. ವಸ್ತುವಿನೊಳಗೆ ಹಿಡಿದುಕೊಂಡ ಅನಿಲ ಬಿಟ್ಟುಹೋಗಲು ಬೆಚ್ಚನೆಯ ಗಾಳಿಯಲ್ಲಿ ಹತ್ತಾರು ಗಂಟೆ ಇಡಬೇಕು. ಬಿಸಿಯೂ ಬೇಡ, ವಿಷವೂ ಉಳಿಯಬಾರದು ಎಂಬ ಈ ಇಕ್ಕಟ್ಟಿನಲ್ಲೇ ಪ್ಲಾಸ್ಮಾ ಬಂದದ್ದು.

ಪ್ಲಾಸ್ಮಾ ಅಂದರೆ ದ್ರವ್ಯದ ನಾಲ್ಕನೆಯ ಸ್ಥಿತಿ. ಮಂಜುಗಡ್ಡೆ ಕಾಯಿಸಿದರೆ ನೀರು, ನೀರು ಕಾಯಿಸಿದರೆ ಹಬೆ. ಅನಿಲಕ್ಕೆ ಇನ್ನೂ ಶಕ್ತಿ ಕೊಟ್ಟರೆ ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಕೊಂಡು ಬರುತ್ತವೆ. ಹೀಗೆ ಬಿಡಿಬಿಡಿಯಾದ ಎಲೆಕ್ಟ್ರಾನು, ಅಯಾನುಗಳ ಹೊಳೆಯುವ ಗುಂಪೇ ಪ್ಲಾಸ್ಮಾ. ವಿಲಿಯಂ ಕ್ರೂಕ್ಸ್ ಗಾಜಿನ ಕೊಳವೆಯೊಳಗೆ ಇದನ್ನು ಬೆಳಗಿಸಿ ‘ಪ್ರಭೆ ಬೀರುವ ದ್ರವ್ಯ’ ಎಂದು ಉಪನ್ಯಾಸ ಕೊಟ್ಟದ್ದೂ 1879ರಲ್ಲೇ, ಆಟೊಕ್ಲೇವ್ ಹುಟ್ಟಿದ ವರ್ಷವೇ. ಪ್ಲಾಸ್ಮಾ ಎಂಬ ಹೆಸರು ಮಾತ್ರ 1928ರಲ್ಲಿ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಇಟ್ಟದ್ದು. ಮೇ ತಿಂಗಳ ಸಂಜೆ ಚಾಮುಂಡಿ ಬೆಟ್ಟದ ಮೇಲೆ ಇಳಿಯುವ ಕೋಲ್ಮಿಂಚು ಪ್ಲಾಸ್ಮಾ. ಸೂರ್ಯ ಪ್ಲಾಸ್ಮಾ. ದಸರೆಯ ಅರಮನೆಯ ಹಳೆಯ ಬಲ್ಬುಗಳಲ್ಲಿ ಉರಿಯುವುದು ಕಾದ ತಂತಿ, ಅದು ಪ್ಲಾಸ್ಮಾ ಅಲ್ಲ. ಆದರೆ ಮನೆಯ ಹಳೆಯ ಟ್ಯೂಬ್‌ಲೈಟಿನೊಳಗೆ ಇದ್ದದ್ದು ಖಂಡಿತ ಪ್ಲಾಸ್ಮಾ.

ಟ್ಯೂಬ್‌ಲೈಟನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ. ಉರಿಯುತ್ತಿರುವ ಟ್ಯೂಬನ್ನು ಮುಟ್ಟಿದರೆ ಕೈ ಸುಡುವುದಿಲ್ಲ. ಒಳಗಿನ ಎಲೆಕ್ಟ್ರಾನುಗಳು ಮಾತ್ರ ಹತ್ತು ಸಾವಿರ ಡಿಗ್ರಿಗೆ ಸಲ್ಲುವ ವೇಗದಲ್ಲಿ ಓಡುತ್ತಿರುತ್ತವೆ! ಇದು ಹೇಗೆ? ದೀಪಾವಳಿಯ ಸುರುಸುರು ಬತ್ತಿಯನ್ನು ನೆನೆಸಿಕೊಳ್ಳಿ. ಅದರ ಕಿಡಿ ಒಂದೊಂದೂ ಕೆಂಡಕ್ಕಿಂತ ಬಿಸಿ. ಆದರೂ ಮಗುವಿನ ಕೈಮೇಲೆ ಬಿದ್ದರೆ ಚುರ್ ಎಂದು ಆರಿಹೋಗುತ್ತದೆ, ಏಕೆಂದರೆ ಕಿಡಿಯ ಮೈ ಬಹಳ ಚಿಕ್ಕದು, ಅದು ಹೊತ್ತು ತರುವ ಬಿಸಿ ಅತ್ಯಲ್ಪ. ಎಲೆಕ್ಟ್ರಾನುಗಳೂ ಹಾಗೇ. ಅವು ತಮ್ಮ ಪಾಡಿಗೆ ಕಾದು ಕುಣಿಯುತ್ತಿದ್ದರೂ, ಭಾರವಾದ ಅನಿಲದ ಅಣುಗಳು ತಣ್ಣಗೇ ಇರುತ್ತವೆ. ಇಂಥ ‘ತಣ್ಣನೆಯ ಪ್ಲಾಸ್ಮಾ’ದಲ್ಲಿ ಎಲೆಕ್ಟ್ರಾನಿನ ಹೊಡೆತಕ್ಕೆ ಅಣುಗಳು ಒಡೆದು ಚೂರಾಗುತ್ತವೆ. ಆ ಚೂರುಗಳಿಗೆ ಜೊತೆ ಬೇಕು. ಹತ್ತಿರ ಸಿಕ್ಕ ಯಾವುದಕ್ಕಾದರೂ ಹಾಯ್ದು ಅದರಿಂದ ಕಿತ್ತುಕೊಂಡು ಸಮಾಧಾನವಾಗುತ್ತವೆ. ಸಿಕ್ಕದ್ದು ಬ್ಯಾಕ್ಟೀರಿಯಾದ ಪೊರೆಯಾದರೆ ಪೊರೆ ತೂತಾಯಿತು. ಪ್ರೋಟೀನಾದರೆ ಪ್ರೋಟೀನು ಕೆಟ್ಟಿತು. ಡಿಎನ್‌ಎ ಆದರೆ ಡಿಎನ್‌ಎ ತುಂಡಾಯಿತು. ಬೀಜಕದ ಕವಚವೂ ಈ ಕಚ್ಚಾಟಕ್ಕೆ ಹೆಚ್ಚು ಹೊತ್ತು ನಿಲ್ಲಲಾರದು.

ಇದನ್ನು ಆಸ್ಪತ್ರೆಯ ಯಂತ್ರವಾಗಿ ಪಳಗಿಸಿದ್ದು ಜಾನ್ಸನ್ ಅಂಡ್ ಜಾನ್ಸನ್ ಕಂಪನಿ. ಅವರ ‘ಸ್ಟೆರಾಡ್’ ಯಂತ್ರಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1993ರಲ್ಲಿ. ಅದರ ನಡೆ ನೋಡಿ. ಒಣಗಿದ ಉಪಕರಣಗಳನ್ನು ಪೆಟ್ಟಿಗೆಯೊಳಗಿಟ್ಟು ಬಾಗಿಲು ಮುಚ್ಚಿದರೆ ಪಂಪು ಮೊದಲು ಗಾಳಿಯನ್ನು ಹೀರುತ್ತದೆ. ಹೊರಗಿನ ಒತ್ತಡದ ಸಾವಿರದ ಒಂದು ಪಾಲಿಗಿಂತಲೂ ಕೆಳಗಿಳಿಯುವವರೆಗೆ ಹೀರುತ್ತದೆ. ಆಮೇಲೆ ಗಟ್ಟಿ ಹೈಡ್ರೋಜನ್ ಪೆರಾಕ್ಸೈಡಿನ ಕೆಲವೇ ಹನಿ ಒಳಗೆ ಬಂದು, ಆ ನಿರ್ವಾತದಲ್ಲಿ ಒಮ್ಮೆಗೇ ಆವಿಯಾಗಿ, ಮೂಲೆಮೂಲೆಗೆ ಹರಡುತ್ತದೆ. ಗಾಯ ತೊಳೆದರೆ ನೊರೆ ಬರುತ್ತದಲ್ಲ, ಅದೇ ಪೆರಾಕ್ಸೈಡು, ಇಲ್ಲಿ ಇನ್ನಷ್ಟು ಗಟ್ಟಿ. ಆವಿ ತನ್ನ ಕೆಲಸ ಮಾಡಿದ ಮೇಲೆ ರೇಡಿಯೋ ತರಂಗಗಳ ಶಕ್ತಿ ಹರಿಯುತ್ತದೆ, ಒಳಗೆ ಮಂದವಾದ ಹೊಳಪು ಮೂಡುತ್ತದೆ. ಅದೇ ಪ್ಲಾಸ್ಮಾ.

ಇಲ್ಲಿ ಒಂದು ಸೂಕ್ಷ್ಮವಿದೆ, ಹೊಗಳುವ ಭರದಲ್ಲಿ ಹಲವರು ಬಿಟ್ಟುಬಿಡುತ್ತಾರೆ. ಈ ಯಂತ್ರಗಳಲ್ಲಿ ಬೀಜಕಗಳನ್ನು ಕೊಲ್ಲುವ ಹೆಚ್ಚಿನ ಕೆಲಸ ಪೆರಾಕ್ಸೈಡಿನ ಆವಿಯದೇ. ಪ್ಲಾಸ್ಮಾದ ದೊಡ್ಡ ಉಪಕಾರ ಬೇರೆ. ಉಪಕರಣದ ಮೇಲೆ ಉಳಿದ ಪೆರಾಕ್ಸೈಡನ್ನು ಅದು ಚೂರುಚೂರು ಮಾಡುತ್ತದೆ. ಶಕ್ತಿ ನಿಲ್ಲಿಸಿದ ಕ್ಷಣ ಆ ಚೂರುಗಳು ಮತ್ತೆ ಕೂಡಿ ನೀರಿನ ಆವಿ ಮತ್ತು ಆಮ್ಲಜನಕವಾಗುತ್ತವೆ. ಕೊಂದ ವಿಷವೇ ನೀರಾಗಿ ಗಾಳಿಯಾಗಿ ಹೊರಟುಹೋಗುತ್ತದೆ! ಎಥಿಲೀನ್ ಆಕ್ಸೈಡಿನ ಹತ್ತಾರು ಗಂಟೆಯ ಕಾಯುವಿಕೆ ಇಲ್ಲ. ಮಾದರಿಗೆ ತಕ್ಕಂತೆ ಅರ್ಧ ಗಂಟೆಯಿಂದ ಒಂದೂಕಾಲು ಗಂಟೆಯೊಳಗೆ ಎಲ್ಲ ಮುಗಿಯುತ್ತದೆ, ಪೆಟ್ಟಿಗೆಯ ಬಿಸಿ 50 ಡಿಗ್ರಿಯ ಆಸುಪಾಸು ದಾಟುವುದಿಲ್ಲ. ನಂಜು ಬಳಸಿ ಕೆಲಸ ಮಾಡಿ ನಂಜಿನ ಗುರುತೂ ಉಳಿಸದ ಈ ಅಚ್ಚುಕಟ್ಟುತನಕ್ಕೆ ನಾನು ಮನಸೋತಿದ್ದೇನೆ.

ಆದರೆ ಪ್ಲಾಸ್ಮಾ ಬಹಳ ಮಡಿಯ ಯಂತ್ರ. ಹತ್ತಿಯನ್ನು, ಗಾಜ್ ಬಟ್ಟೆಯನ್ನು, ರೂಟ್ ಕೆನಾಲಿನ ಪೇಪರ್ ಪಾಯಿಂಟನ್ನು ಒಳಗೆ ಬಿಟ್ಟುಕೊಳ್ಳದು, ಅವು ಪೆರಾಕ್ಸೈಡನ್ನು ಕುಡಿದುಬಿಡುತ್ತವೆ. ಚರ್ ಎನ್ನುವ ನಮ್ಮ ಕಾಗದದ ಪೌಚೂ ಅದಕ್ಕಾಗದು. ಪಾಲಿಥೀನ್ ಎಳೆಗಳಿಂದ ಮಾಡಿದ ಟೈವೆಕ್ ಚೀಲ ಬೇಕು. ದ್ರವ, ಪುಡಿ ನಿಷಿದ್ಧ. ಉದ್ದನೆಯ ಸಣ್ಣ ಕೊಳವೆಯ ಕೊನೆ ಮುಚ್ಚಿದ್ದರೆ ಆವಿ ಅಲ್ಲಿಗೆ ತಲುಪುವ ಭರವಸೆಯಿಲ್ಲ. ಹಲ್ಲು ಕೊರೆಯುವ ಹ್ಯಾಂಡ್‌ಪೀಸಿನೊಳಗೆ ಅಂಥ ಕೊಳವೆಗಳಿವೆ, ಎಣ್ಣೆಯೂ ಇದೆ. ಹಾಗಾಗಿ ಅದಕ್ಕೆ ಇವತ್ತಿಗೂ ಹಬೆಯೇ ಸರಿ. ಎಲ್ಲಕ್ಕಿಂತ ಮುಖ್ಯವಾಗಿ, ಒದ್ದೆಯಾದದ್ದನ್ನು ಅದು ಸಹಿಸುವುದಿಲ್ಲ. ಒಂದು ಉಪಕರಣದ ಕೀಲಿನಲ್ಲಿ ನೀರಿನ ಹನಿ ಉಳಿದಿದ್ದರೂ, ನಿರ್ವಾತದಲ್ಲಿ ಅದು ಆವಿಯಾಗುತ್ತಾ ಒತ್ತಡ ಇಳಿಯಲು ಬಿಡುವುದಿಲ್ಲ. ಯಂತ್ರ ಸ್ವಲ್ಪ ಹೊತ್ತು ಕಾದು ‘ಆಗದು’ ಎಂದು ನಿಂತುಬಿಡುತ್ತದೆ. ಎಲ್ಲವನ್ನೂ ಹೊರತೆಗೆದು, ಒಣಗಿಸಿ, ಮತ್ತೆ ಹೊಸ ಚೀಲಕ್ಕೆ ಹಾಕಿ ಮೊದಲಿಂದ ಶುರು ಮಾಡಬೇಕು. ಒಣಗಿದ ರಕ್ತದ ಕೆಳಗೆ ಅಡಗಿದ ಬೀಜಕವನ್ನಂತೂ ಅದು ಮುಟ್ಟಲಾರದು. ಅದರ ಚೂರುಗಳೆಲ್ಲ ಮೊದಲು ಸಿಕ್ಕ ಕೊಳೆಯ ಮೇಲೆಯೇ ಖರ್ಚಾಗಿಬಿಡುತ್ತವೆ. ಯಂತ್ರ ದುಬಾರಿಯಾದಷ್ಟೂ ಸಿಂಕಿನ ಮುಂದೆ ನಿಂತ ಕೈ ಹೆಚ್ಚು ನುರಿತದ್ದಾಗಿರಬೇಕು. ಆ ಸಹಾಯಕಿ ಹೇಳಿದ ‘ಮುಕ್ಕಾಲು ಕೆಲಸ’ದ ಲೆಕ್ಕ ಪ್ಲಾಸ್ಮಾಕ್ಕೂ ತಪ್ಪದು.

ಇದೆಲ್ಲ ಬಾಯಿಯ ಹೊರಗಿನ ಮಾತಾಯಿತು. ಬಾಯೊಳಗೇ ಪ್ಲಾಸ್ಮಾ ತರಲು ಸಾಧ್ಯವೇ? ಈ ಪ್ರಶ್ನೆಯ ಹಿಂದೆ ಹಳೆಯ ಕತೆಯಿದೆ. 1683ರಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನ ಹಲ್ಲಿನ ಪಾಚಿಯನ್ನೇ ಕೆರೆದು ಮಸೂರದಡಿ ನೋಡಿ, ಅದರಲ್ಲಿ ಓಡಾಡುವ ಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ. ಮುಂದೊಮ್ಮೆ, ತಾನು ಕುಡಿಯುವ ಬಿಸಿ ಕಾಫಿಯಿಂದ ಮುಂದಿನ ಹಲ್ಲುಗಳ ಮೇಲಿನವು ಸತ್ತಿರಬೇಕೆಂದೂ, ಹಿಂದಿನ ಹಲ್ಲುಗಳಲ್ಲಿ ಇನ್ನೂ ಬದುಕಿವೆಯೆಂದೂ ಬರೆದ. ಮೈಸೂರಿನವರಿಗೆ ಈ ಪ್ರಯೋಗ ಹಿಡಿಸದೆ ಇರದು. ಈಗ ಬಾಯಿಯಲ್ಲಿ 700ಕ್ಕೂ ಹೆಚ್ಚು ಜಾತಿಯ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ್ದಾರೆ. ರೂಟ್ ಕೆನಾಲ್ ಮಾಡಿದ ಮೇಲೂ ಮತ್ತೆ ಕಾಡುವ ಹಲ್ಲುಗಳಲ್ಲಿ ಹೆಚ್ಚಾಗಿ ಸಿಗುವುದು ಎಂಟರೋಕಾಕಸ್ ಫೀಕಾಲಿಸ್. ಉಪವಾಸ ಬಿದ್ದರೂ ತಾಳುವ ಜಾತಿ. ಹಲ್ಲಿನ ಬೇರಿನೊಳಗಿನ ಕಾಲುವೆಯ ಗೋಡೆಯಲ್ಲಿ ಚದರ ಮಿಲಿಮೀಟರಿಗೆ ಹತ್ತಾರು ಸಾವಿರದಂತೆ ಸೂಕ್ಷ್ಮ ನಾಳಗಳಿವೆ. ಒಂದೊಂದರ ಅಗಲ ಒಂದೆರಡು ಮೈಕ್ರಾನ್. ಈ ಬ್ಯಾಕ್ಟೀರಿಯಾ ಅದಕ್ಕಿಂತ ಸಣ್ಣದು, ಒಳಹೊಕ್ಕು ಕೂತುಬಿಡುತ್ತದೆ. ಡಾಕ್ಟರು ಸಿರಿಂಜಿನಿಂದ ಹರಿಸುವ ಸೋಡಿಯಂ ಹೈಪೊಕ್ಲೋರೈಟ್, ಬಟ್ಟೆಯ ಬ್ಲೀಚಿನ ಬಳಗದ್ದು, ಅದನ್ನು ಕೊಲ್ಲಬಲ್ಲದು. ಬೇರಿನ ತುದಿ ದಾಟಿ ಹೊರಗೆ ಹೋದರೆ ಮಾಂಸವನ್ನೂ ಸುಡಬಲ್ಲದು. ಅನಿಲವಾದರೆ ದ್ರವ ನುಗ್ಗಲಾರದ ಕಡೆ ನುಗ್ಗೀತು ಎಂಬುದು ಸಂಶೋಧಕರ ಆಸೆ.

ಹೊರಗಿನ ಗಾಳಿಯಲ್ಲೇ, ನಿರ್ವಾತವಿಲ್ಲದೆ, ತಣ್ಣನೆಯ ಪ್ಲಾಸ್ಮಾವನ್ನು ಸೂಜಿಯಷ್ಟು ತೆಳ್ಳಗೆ ಹೊರಡಿಸುವ ಕಲೆ ಈ ಶತಮಾನದ ಆರಂಭದಲ್ಲಿ ಕೈಗೆ ಬಂತು. ನೆದರ್ಲೆಂಡ್ಸಿನ ಐಂಡ್‌ಹೋವನ್ನಿನಲ್ಲಿ ಎವಾ ಸ್ಟಾಫೆಲ್ಸ್ ‘ಪ್ಲಾಸ್ಮಾ ಸೂಜಿ’ ಮಾಡಿದರು. ಅಮೆರಿಕದಲ್ಲಿ ಮುನೀರ್ ಲರೂಸಿ ‘ಪ್ಲಾಸ್ಮಾ ಪೆನ್ಸಿಲ್’ ಮಾಡಿದರು. ಹೀಲಿಯಂ ಅನಿಲ ಪೆನ್ಸಿಲಿನಿಂದ ಹರಿದಂತೆ ತುದಿಯಲ್ಲಿ ತೆಳು ನೇರಳೆ ಜ್ವಾಲೆ ಚಾಚುತ್ತದೆ, ಬೆರಳು ಹಿಡಿದರೆ ತಣ್ಣಗಿರುತ್ತದೆ. 2009ರಲ್ಲಿ ಅಮೆರಿಕ ಮತ್ತು ಚೀನಾದ ತಂಡಗಳು ಇಂಥ ಜ್ವಾಲೆಯನ್ನು ಕಿತ್ತ ಹಲ್ಲಿನ ಬೇರಿನ ಕಾಲುವೆಯತ್ತ ತಿರುಗಿಸಿದವು. ಕಾಲುವೆಯ ಬಾಯಿಯ ಹತ್ತಿರದ ಬ್ಯಾಕ್ಟೀರಿಯಾ ಚೆನ್ನಾಗಿ ಸತ್ತವು. ಆಳಕ್ಕೆ ಹೋದಂತೆ ಕೆಲಸ ಕಷ್ಟವಾಗುತ್ತದೆ, ಏಕೆಂದರೆ ಆ ಚುರುಕಿನ ಚೂರುಗಳಿಗೆ ಆಯಸ್ಸು ಬಹಳ ಕಡಿಮೆ. ಗುರಿ ಮುಟ್ಟುವ ಮುಂಚೆಯೇ ಆರಿಹೋಗುತ್ತವೆ. ಮೇಲಾಗಿ ಬ್ಯಾಕ್ಟೀರಿಯಾಗಳು ಒಂಟಿಯಾಗಿ ಇರುವುದಿಲ್ಲ, ಲೋಳೆಯ ಹೊದಿಕೆಯಡಿ ಒಟ್ಟಾಗಿ ಬದುಕುತ್ತವೆ. ಚರ್ಮದ ಗಾಯಗಳಿಗೆ ಬಳಸುವ ಪ್ಲಾಸ್ಮಾ ಉಪಕರಣಕ್ಕೆ ಜರ್ಮನಿಯಲ್ಲಿ 2013ರಲ್ಲೇ ವೈದ್ಯಕೀಯ ಮನ್ನಣೆ ಸಿಕ್ಕಿದೆ. ರೂಟ್ ಕೆನಾಲಿನಲ್ಲಿ ಮಾತ್ರ ಹೈಪೊಕ್ಲೋರೈಟನ್ನು ಇಳಿಸಿ ಆ ಜಾಗಕ್ಕೆ ಪ್ಲಾಸ್ಮಾವನ್ನು ಕೂರಿಸುವ ಕಾಲ ಬಂದಿಲ್ಲ. ನನ್ನ ಎಣಿಕೆಯಲ್ಲಿ ಅದು ಬದಲಿಯಾಗಿ ಬರುವುದಕ್ಕಿಂತ ಜೊತೆಗಾರನಾಗಿ ಬರುವುದೇ ಹೆಚ್ಚು ಸಂಭವ.

ಕೃತಕ ಹಲ್ಲಿನ ಇಂಪ್ಲಾಂಟಿನಲ್ಲಿ ಇನ್ನೊಂದು ಉಪಯೋಗ ಆಗಲೇ ಬೇರೂರುತ್ತಿದೆ. ದವಡೆಯಲ್ಲಿ ಕೂರಿಸುವ ಟೈಟೇನಿಯಂ ತಿರುಪು ಡಬ್ಬಿಯಲ್ಲಿ ಇದ್ದಷ್ಟು ಕಾಲ ಗಾಳಿಯಿಂದ ಜಿಡ್ಡಿನಂಥ ಇಂಗಾಲದ ಪದರ ಹಿಡಿದುಕೊಳ್ಳುತ್ತದೆ. ಕೂರಿಸುವ ಮುಂಚೆ ಪ್ಲಾಸ್ಮಾಕ್ಕೆ ಹಿಡಿದರೆ ಆ ಪದರ ಹೋಗುತ್ತದೆ. ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಳುತ್ತಿದ್ದ ನೀರು ಈಗ ಹರಡಿ ಅಂಟುತ್ತದೆ. ರಕ್ತವೂ ಹಾಗೇ ಅಂಟುತ್ತದೆ.

ಮೈಸೂರಿನ ಜೆಎಸ್‌ಎಸ್ ದಂತ ಕಾಲೇಜಿನಲ್ಲೂ ಶುದ್ಧಿಯ ಈ ವಿದ್ಯೆ ಕಲಿಸುತ್ತಾರೆ. ಅದು 1986ರಲ್ಲಿ ಆರಂಭವಾಯಿತು, ಫಾರೂಕಿಯಾ ದಂತ ಕಾಲೇಜೂ ಇದೇ ಊರಿನಲ್ಲಿದೆ. ಬಿಡಿಎಸ್ ಓದುವ ಮಕ್ಕಳು ಎರಡನೆಯ ವರ್ಷ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಹಬೆ, ಒಣ ಬಿಸಿ, ಅನಿಲಗಳ ಪಾಠ ಕಲಿಯುತ್ತಾರೆ. ಓದಿದ್ದನ್ನು ದಿನವೂ ಕೈಯಲ್ಲಿ ಮಾಡುವವರು ಮಾತ್ರ ಬಹುಪಾಲು ಆ ಸಹಾಯಕಿಯಂಥ ಹೆಣ್ಣುಮಕ್ಕಳು. ಕ್ಲಿನಿಕ್ಕಿನ ಬೋರ್ಡಿನಲ್ಲಿ ಅವರ ಹೆಸರಿರುವುದಿಲ್ಲ. ರೋಗಿ ಅವರನ್ನು ನೆನೆಯುವುದೂ ಇಲ್ಲ. ಒಂದು ಹನಿ ನೀರು ಉಳಿಯದಂತೆ ಇಕ್ಕಳದ ಕೀಲನ್ನು ಬಿಡಿಸಿ ಒಣಗಿಸುವ ಆ ತಾಳ್ಮೆ ಇಲ್ಲದೆ, ಯಾವ ಪ್ಲಾಸ್ಮಾ ಯಂತ್ರವೂ ಬಾಗಿಲು ಮುಚ್ಚಿಕೊಂಡು ಕೆಲಸ ಶುರು ಮಾಡಲಾರದು.

ಓದುಗರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ಹಲ್ಲಿನ ಕುರ್ಚಿಯಲ್ಲಿ ಕೂತಾಗ ಪೌಚನ್ನು ನಿಮ್ಮ ಕಣ್ಣೆದುರೇ ಬಿಡಿಸಲು ಹೇಳಿ. ಅದರ ಅಂಚಿನಲ್ಲಿರುವ ಗುರುತಿನ ಪಟ್ಟಿ ಬಣ್ಣ ತಿರುಗಿದೆಯೇ, ತಾರೀಖು ಬರೆದಿದೆಯೇ, ಪೌಚು ಒದ್ದೆಯಾಗದೆ ಹರಿಯದೆ ಇದೆಯೇ ನೋಡಿ. ಅನುಮಾನ ಬಂದರೆ ಸಂಕೋಚ ಬೇಡ, ಇನ್ನೊಂದು ಪೌಚ್ ಕೇಳಿ. ಒಳ್ಳೆಯ ಡಾಕ್ಟರು ಬೇಸರಪಡುವುದಿಲ್ಲ. ಎದ್ದು ಹೊರಡುವಾಗ ಹಿಂದಿನ ಕೋಣೆಯ ಬಾಗಿಲಲ್ಲಿ ಗ್ಲೌಸು ತೊಟ್ಟು ನಿಂತಿರುವವರಿಗೂ ಒಂದು ನಮಸ್ಕಾರ ಹೇಳಿ.